ಪ್ಲೇಟ್ ಕೋರಲ್ ಲಾಗ್: ಮೊದಲ 12 ವಾರ

ಹವಳ ಸಾಕುವ ಈ ಉಪ್ಪುನೀರಿನ ಟ್ಯಾಂಕ್‌ಗೆ ಎರಡು ವರ್ಷ ವಯಸ್ಸು. ಸಂಪ್ (ಟ್ಯಾಂಕ್‌ಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಸೇರಿ ನಿಜವಾಗಿ ಇರುವ ನೀರು 200 ಲೀಟರ್. ಹೊಸದಾಗಿ ಬಂದದ್ದು ಫಂಗಿಯಾ ಎಂಬ ಪ್ಲೇಟ್ ಕೋರಲ್, ತಟ್ಟೆಯಾಕಾರದ ಗಟ್ಟಿ ಹವಳ: ಅಡ್ಡಳತೆ 9 ಸೆಂ.ಮೀ., ಕಿತ್ತಳೆ ಮೈ, ಬಾಯಿಯ ಸುತ್ತ ಹಸಿರು. ಅಣಬೆಯ ಟೊಪ್ಪಿಯನ್ನು ಮಗುಚಿಟ್ಟರೆ ಕಾಣುವ ಗೆರೆಗಳಂತೆಯೇ ಇದರ ಸುಣ್ಣದ ಅಸ್ಥಿಯ ಮೇಲೂ ಗೆರೆಗಳಿವೆ, ಹೆಸರು ಬಂದದ್ದೂ ಅದರಿಂದಲೇ.

ಟ್ಯಾಂಕ್ ಇರುವುದು ಅಮೆರಿಕದಲ್ಲಿ, ಹವಳ ಬಂದದ್ದು ಇಂಡೋನೇಷ್ಯಾದಿಂದ, ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರದ ಜೊತೆ. ಊರಿನಲ್ಲಿ ಓದುವವರು ಗಮನಿಸಿ: ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿಯಲ್ಲಿ ಡೈವ್ ಮಾಡುವಾಗ ಕಂಡದ್ದನ್ನು ನೋಡಿ ಬರಬೇಕು, ತರುವಂತಿಲ್ಲ.

ದಿನ 1

ಚೀಲವನ್ನು 20 ನಿಮಿಷ ತೇಲಿಬಿಟ್ಟು, ನೀರೊಳಗೇ ಬಿಚ್ಚಿದ್ದಾಯಿತು. ಉಬ್ಬಿರುವ ಪ್ಲೇಟನ್ನು ಎಂದೂ ಗಾಳಿಗೆ ಎತ್ತಬಾರದು. ಒಳಗೆ ತುಂಬಿಕೊಂಡ ನೀರಿನ ಭಾರಕ್ಕೆ ಮೈ ಜೋತುಬಿದ್ದು, ಅಸ್ಥಿಯ ಗರಗಸದಂಥ ಹಲ್ಲುಗಳಿಗೆ ಸಿಕ್ಕಿ ಹರಿಯುತ್ತದೆ. ಮೆಲ್ಲಗೆ ಮುಟ್ಟಿ, ಅದು ಕುಗ್ಗುವವರೆಗೆ ಕಾದು, ತಳಭಾಗದಿಂದ ಮಾತ್ರ ಹಿಡಿಯಬೇಕು. ಇದಕ್ಕೆ ಆಗಲೇ ಅಂಥ ಒಂದು ಗಾಯ ಇದೆ. ಗಡಿಯಾರದ 2 ಗಂಟೆಯ ಜಾಗದಲ್ಲಿ, ಅಂಚಿನಲ್ಲಿ, 15 ಮಿ.ಮೀ. ಉದ್ದಕ್ಕೆ ಬಿಳಿ ಅಸ್ಥಿ ಬರಿದಾಗಿ ಕಾಣುತ್ತಿದೆ. ಅಯೋಡಿನ್ ಡಿಪ್ ಮಾಡಿ, ಅಂದರೆ ಅಯೋಡಿನ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ (ಸೀಸೆಯ ಮೇಲಿರುವ ಅಳತೆ, ಒಂದು ಹನಿಯೂ ಹೆಚ್ಚಿಲ್ಲ) ಮರಳಿನ ಮೇಲೆ ಇಟ್ಟದ್ದಾಯಿತು.

ಬಂಡೆಯ ಮೇಲೆ ಯಾಕಿಲ್ಲ? ಬೆಳೆದ ಫಂಗಿಯಾ ಯಾವುದಕ್ಕೂ ಅಂಟಿಕೊಳ್ಳುವ ಜೀವಿಯಲ್ಲ. ಎಳವೆಯಲ್ಲಿ ಕಾಂಡದ ಮೇಲಿದ್ದು, ಆಮೇಲೆ ಕಳಚಿಕೊಂಡು ಮರಳಿಗಿಳಿಯುತ್ತದೆ. ಮೈ ಉಬ್ಬಿಸಿಕೊಂಡು ಜರುಗುತ್ತದೆ, ಮಗುಚಿಬಿದ್ದರೆ ಗಂಟೆಗಟ್ಟಲೆ ಒದ್ದಾಡಿ ತಾನೇ ನೆಟ್ಟಗಾಗುತ್ತದೆ. ಬಂಡೆಯ ಮೇಲಿಟ್ಟರೆ ಬೆಳಗ್ಗೆ ಕೆಳಗೆ ಬಿದ್ದಿರುತ್ತದೆ, ಬೀಳದಿದ್ದರೂ ಅಂಚು ಉಜ್ಜಿ ಗಾಯ. ಮರಳು 1–2 ಮಿ.ಮೀ. ಕಾಳಿನ ಅರಗೊನೈಟ್ (ಸುಣ್ಣದ ಖನಿಜ), 5 ಸೆಂ.ಮೀ. ದಪ್ಪ. ಸುತ್ತ 15 ಸೆಂ.ಮೀ. ಖಾಲಿ ಜಾಗ ಬಿಟ್ಟಿದೆ, ಏಕೆಂದರೆ ಇದರ ಲೋಳೆ ತಾಗಿದ ನೆರೆಯ ಹವಳಗಳು ಸುಟ್ಟಂತಾಗುತ್ತವೆ. ಬೆಳಕು ಸದ್ಯಕ್ಕೆ 70 ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ), ತಿಂಗಳೊಳಗೆ 110ಕ್ಕೆ ಏರಿಸುವುದು. ನೀರಿನ ಓಟದಲ್ಲಿ ಟೆಂಟಕಲ್‌ಗಳು (ಮೈಮೇಲಿನ ಬೆರಳಿನಂಥ ಎಳೆಗಳು) ತೂಗಾಡಬೇಕು, ಒಂದೇ ಕಡೆಗೆ ಮಲಗಬಾರದು.

ದಿನ 4

ಬಾಯಿ ತೆರೆದುಕೊಂಡಿದೆ. ಆರೋಗ್ಯವಾಗಿದ್ದಾಗ ಅದು ನಡುವೆ ಎಳೆದ ಗೀಟಿನಂತೆ ಮುಚ್ಚಿರುತ್ತದೆ. ಈಗ ಬಟಾಣಿ ತೂರುವಷ್ಟು ಅಗಲ, ಒಳಗಿನ ಬಿಳಿ ಎಳೆಗಳು ಕಾಣುತ್ತಿವೆ. ಈ ಸ್ಥಿತಿಯಲ್ಲಿ ಆಹಾರ ಹಾಕಿದರೆ ಕೆಲಸ ಕೆಟ್ಟಿತು, ಮೊದಲು ನೀರು ನೋಡಬೇಕು.

ಉಷ್ಣತೆ 25.6 ಡಿಗ್ರಿ, ಸರಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.026, ಅದೂ ಸರಿ. ಆದರೆ 1.026 ತೋರಿಸಲೇಬೇಕಾದ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ದ್ರಾವಣದ ಹನಿ ಹಾಕಿ ನೋಡಿದರೆ 1.029 ತೋರಿಸುತ್ತಿದೆ! ಅಂದರೆ ಟ್ಯಾಂಕ್ ನಿಜಕ್ಕೂ ಇದ್ದದ್ದು 1.023ರಲ್ಲಿ. ಆರ್‌ಒ ನೀರಿನಲ್ಲಿ ಸೊನ್ನೆ ಹೊಂದಿಸಿದರೆ ಸಾಲದು. ಅಳೆಯಬೇಕಾದ ಮಟ್ಟದಲ್ಲೇ ಉಪಕರಣವನ್ನು ಸರಿಪಡಿಸಬೇಕು.

ಒಮ್ಮೆಗೇ ಉಪ್ಪು ಸುರಿಯುವಂತಿಲ್ಲ. 200 ಲೀಟರ್‌ಗೆ ಸುಮಾರು 4 ಪಿಪಿಟಿ ಕಡಿಮೆ, ಎಂದರೆ 800 ಗ್ರಾಂ. ದಿನಕ್ಕೆ 4 ಲೀಟರ್ ಆವಿಯಾಗುತ್ತದೆ. ಆ ಜಾಗಕ್ಕೆ ಸಿಹಿನೀರಿನ ಬದಲು 35 ಪಿಪಿಟಿ ಉಪ್ಪುನೀರು ತುಂಬಿದರೆ ದಿನಕ್ಕೆ 140 ಗ್ರಾಂ ಸೇರುತ್ತದೆ. ಆರು ದಿನದಲ್ಲಿ ಲೆಕ್ಕ ಚುಕ್ತಾ, ಆಮೇಲೆ ಮತ್ತೆ ಸಿಹಿನೀರು.

ದಿನ 12

ಬಾಯಿ ಮುಚ್ಚಿದೆ, ಇವತ್ತು ಮೊದಲ ಊಟ. ಫ್ರೋಜನ್ ಮೈಸಿಸ್ ಸಿಗಡಿಯ ಕಾಲು ಕ್ಯೂಬ್ ಕರಗಿಸಿ, ತೊಳೆದು, ಲೈಟ್ ಮಂದವಾದ ಮೇಲೆ ಪಂಪ್‌ಗಳನ್ನು ಆರಿಸಿ, ಐದು ಸಿಗಡಿಗಳನ್ನು ಪಿಪೆಟ್‌ನಿಂದ ಬಾಯಿಯ ಪಕ್ಕ ಬಿಟ್ಟದ್ದು. ಬಾಯೊಳಗೆ ತುರುಕುವ ಅಗತ್ಯವಿಲ್ಲ. ಮೊದಲೆರಡು ನಿಮಿಷ ಏನೂ ಇಲ್ಲ. ಆಮೇಲೆ ಅಂಚು ಬಟ್ಟಲಿನಂತೆ ಮೇಲೆದ್ದಿತು, ಸಿಗಡಿಗಳು ಲೋಳೆಯ ಮೇಲೆ ಜಾರುತ್ತ ನಡುವಿಗೆ ಸರಿದವು, ಗೀಟು ಸುರುಳಿ ಬಿಚ್ಚಿದಂತೆ ತೆರೆಯಿತು. ಐದೂ ಒಳಗೆ ಹೋಗಲು 25 ನಿಮಿಷ.

ಇಷ್ಟು ಹೊತ್ತು ಸನ್ಯಾಸಿ ಏಡಿಗಳು ಸುಮ್ಮನಿರುವುದಿಲ್ಲ, ಬಾಯಿಯೊಳಗಿಂದಲೇ ಕಿತ್ತುಕೊಂಡು ಹೋಗುತ್ತವೆ. ಸೋಡಾ ಬಾಟಲಿಯ ಮೇಲರ್ಧ ಕತ್ತರಿಸಿ, ತೂತು ಕೊರೆದು, ಗೂಡಿನಂತೆ ಮುಚ್ಚಿದರೆ ಸಾಕು. ಊಟ ಮುಗಿದ ಕೂಡಲೇ ತೆಗೆಯಬೇಕು.

ವಾರಕ್ಕೆ ಎರಡು ಸಲ ಇದೇ ಅಳತೆ. 2009ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಕೆಂಪು ಸಮುದ್ರದ ಫಂಗಿಯಾ ಇಡೀ ಮೂನ್ ಜೆಲ್ಲಿಮೀನನ್ನೇ ತಿಂದದ್ದು ದಾಖಲಾಗಿದೆ, ಆದರೆ ಅದನ್ನು ನೆಪ ಮಾಡಿಕೊಂಡು ಟ್ಯಾಂಕ್‌ನಲ್ಲಿ ದೊಡ್ಡ ತುಂಡು ಕೊಟ್ಟರೆ ಮರುದಿನ ಕಂದು ಮುದ್ದೆಯಾಗಿ ವಾಪಸ್ ಬರುತ್ತದೆ, ಕೊಳೆಯುತ್ತದೆ.

ವಾರ 4

ಆಲ್ಕ್ (ನೀರಿನ ಕ್ಷಾರತೆ; ಅದರ ಅಳತೆ ಡಿಕೆಎಚ್) 8.5ರಿಂದ 7.1 ಡಿಕೆಎಚ್‌ಗೆ ಇಳಿದಿದೆ. ಅಡುಗೆ ಸೋಡಾ 100 ಲೀಟರ್‌ಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. ಇಲ್ಲಿ 200 ಲೀಟರ್‌ಗೆ 1.4 ಡಿಕೆಎಚ್ ಏರಿಸಲು ಬೇಕಾದದ್ದು 8.4 ಗ್ರಾಂ, ಎರಡು ದಿನಕ್ಕೆ ಹಂಚಿ 4.2 ಗ್ರಾಂನಂತೆ, ಅರ್ಧ ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ ಸಂಪ್‌ಗೆ ನಿಧಾನವಾಗಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಲೀಟರ್‌ಗೆ ಮಿ.ಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ 430, ಮೆಗ್ನೀಸಿಯಂ 1330, ನೈಟ್ರೇಟ್ 6, ಫಾಸ್ಫೇಟ್ 0.05: ಇವನ್ನು ಮುಟ್ಟುವ ಅಗತ್ಯ ಕಾಣಲಿಲ್ಲ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗಿಳಿಸುವ ಹಟದಲ್ಲಿ ಹವಳ ಬಿಳಿಚಿಕೊಳ್ಳುತ್ತದೆ.

ವಾರ 7

ಮರಳು ಜಾಲಿಸುವ ಗೋಬಿ ಮೀನು ರಾತ್ರಿಯಿಡೀ ಅಗೆದು ಪ್ಲೇಟಿನ ಮೇಲೆ ಗುಡ್ಡೆ ಹಾಕಿದೆ. ಒಂದು ಚಮಚದಷ್ಟಾದರೆ ಲೋಳೆ ಸುರಿಸಿ, ಮೈ ಉಬ್ಬಿಸಿ, ಮಧ್ಯಾಹ್ನದೊಳಗೆ ತಾನೇ ಕೊಡವಿಕೊಳ್ಳುತ್ತದೆ. ದಿನವೂ ಹೂತುಹೋದರೆ ಕೆಳಗಿನ ಮೈ ಕೊಳೆಯುತ್ತದೆ. ಬೇಸ್ಟರ್‌ನಿಂದ (ರಬ್ಬರ್ ಬುರುಡೆಯ ಉದ್ದ ಪಿಪೆಟ್) ಮೆಲ್ಲಗೆ ಊದಿ, ಪ್ಲೇಟನ್ನು ಬಿಲದಿಂದ 25 ಸೆಂ.ಮೀ. ದೂರಕ್ಕೆ ಸರಿಸಿದ್ದಾಯಿತು.

ವಾರ 9

ಗಾಯದ ಜಾಗದಲ್ಲಿ ಹಸಿರು ಪಾಚಿ. ಬ್ರಷ್ ಹಾಕಿ ಉಜ್ಜಲು ಕೈ ತುರಿಸುತ್ತದೆ, ಉಜ್ಜಬಾರದು. ಹೊಸ ಮೈ ಮಿಲಿಮೀಟರ್ ಲೆಕ್ಕದಲ್ಲಿ ಪಾಚಿಯನ್ನೇ ಮುಚ್ಚಿಕೊಂಡು ಬರುತ್ತಿದೆ. ಭಯಪಡಬೇಕಾದದ್ದು ಗಂಜಿಯಂಥ ಕಂದು ಲೋಳೆ ಕಂಡಾಗ. ಅದು ಬ್ರೌನ್ ಜೆಲ್ಲಿ ಎಂಬ ಹವಳದ ರೋಗ, ಒಂದೆರಡು ದಿನದಲ್ಲೇ ಇಡೀ ಹವಳವನ್ನು ತಿನ್ನಬಲ್ಲದು. ಕಂಡ ಕೂಡಲೇ ಪಂಪ್ ನಿಲ್ಲಿಸಿ ಪೈಪ್‌ನಿಂದ ಹೊರಗೆ ಹೀರಿ, ಬೇರೆ ಪಾತ್ರೆಯಲ್ಲಿ ಡಿಪ್ ಮಾಡಬೇಕು.

ವಾರ 12

15 ಮಿ.ಮೀ. ಗಾಯ ಈಗ 4 ಮಿ.ಮೀ. ಬೆಳಕು 110 ಪಾರ್. ಬರಿದಾದ ಅಸ್ಥಿಯ ತಳದಲ್ಲಿ, ಟಾರ್ಚ್ ಬಿಟ್ಟು ನೋಡಿದಾಗ, ಸಾಸಿವೆ ಕಾಳಿನಷ್ಟು ಎರಡು ಕಿತ್ತಳೆ ಗುಬಟುಗಳು: ಮರಿಗಳೇ ಇರಬೇಕು. ಪೂರ್ತಿ ಸತ್ತಂತೆ ಕಂಡ ಪ್ಲೇಟಿನ ಅಸ್ಥಿಯ ಮೇಲೂ ತಿಂಗಳುಗಳ ನಂತರ ಹೀಗೆ ಮರಿ ಏಳುವುದುಂಟು, ಅದಕ್ಕೇ ಸತ್ತದ್ದನ್ನು ಕಸಕ್ಕೆ ಹಾಕಬೇಡಿ, ಮಂದ ಬೆಳಕಿನ ಮೂಲೆಯಲ್ಲಿ ಬಿಡಿ. ಈ ಎರಡನ್ನು ಕತ್ತರಿಸುವ ಯೋಚನೆ ಇಲ್ಲ, ಕಾಂಡದಿಂದ ಕಳಚುವ ಕೆಲಸ ಅವುಗಳದ್ದೇ.