ಹಾಯಿದೋಣಿಯಲ್ಲಿ ಆಮ್‌ಸ್ಟರ್‌ಡ್ಯಾಮಿಗೆ: ಸೇತುವೆ ಲೆಕ್ಕ ಮೊದಲು

ದಾವಣಗೆರೆಯವರಿಗೆ ಚಾನಲ್ ಅಂದರೆ ಭದ್ರಾ ಚಾನಲ್. ನೀರು ಬಿಟ್ಟರೆ ಗದ್ದೆ, ಬಿಡದಿದ್ದರೆ ಧರಣಿ. ಹಾಗಾಗಿ ಸಂಕ್ರಾಂತಿಗೆ ಬಂದ ಅಳಿಯಂದಿರು ಬೆಣ್ಣೆ ದೋಸೆ ಮುಗಿಸಿ, "ಮಾವ, ಬೇಸಿಗೇಲಿ ರಾಟರ್‌ಡ್ಯಾಮಿನಿಂದ ಆಮ್‌ಸ್ಟರ್‌ಡ್ಯಾಮಿಗೆ ಚಾನಲ್‌ನಲ್ಲೇ ಹಾಯಿದೋಣಿ ತಗೊಂಡು ಹೋಗೋಣ" ಅಂದಾಗ ನಾನು ಕೇಳಿದ್ದು ಗಾಳಿಯ ಬಗ್ಗೆ. ಅವರು ನಕ್ಕರು. "ಗಾಳಿ ಬಿಡಿ, ಸೇತುವೆ ಲೆಕ್ಕ ಹಾಕೋಣ."

ನಿಜ, ನಾಲೆಗಳಲ್ಲಿ ಬಹುಪಾಲು ಇಂಜಿನ್ನೇ ಓಡುತ್ತದೆ. ಹಾಯಿ ಬಿಚ್ಚಿದ್ದು ಬ್ರಾಸೆಮ್ ಸರೋವರದಲ್ಲಿ ಮಾತ್ರ. ಆದರೆ ಹಾಯಿಯ ಕಂಬ ನಿಂತೇ ಇರುತ್ತದೆ, ಸಮಸ್ಯೆಯೆಲ್ಲ ಅದರದ್ದೇ: ತಗ್ಗು ಸೇತುವೆ ತೆರೆಯದಿದ್ದರೆ ಅದು ದಾಟುವುದಿಲ್ಲ. ನೆದರ್ಲೆಂಡ್ಸಿನ ದಕ್ಷಿಣದ ವ್ಲಿಸಿಂಗನ್‌ನಿಂದ ಉತ್ತರದ ಡೆಲ್ಫ್‌ಜೈಲ್‌ವರೆಗೆ, ಕಂಬ ಇಳಿಸದೆ ಹೋಗಲೆಂದೇ ಗುರುತಿಸಿದ ಜಲಮಾರ್ಗವಿದೆ. ನಾವು ಹೋದದ್ದು ಅದರ ಒಂದು ತುಂಡು. ಕಂಬದ ಎತ್ತರವನ್ನು ನೀರಿನ ಮಟ್ಟದಿಂದ ಅಳೆಯಿರಿ, ತುದಿಯ ಆಂಟೆನಾ ಸೇರಿಸಿ. ದೋಣಿ 15 ಮೀಟರಿಗಿಂತ ಚಿಕ್ಕದಾಗಿದ್ದು, ಗಂಟೆಗೆ 20 ಕಿ.ಮೀ. ಮೀರದಿದ್ದರೆ ಅಲ್ಲಿ ಲೈಸೆನ್ಸ್ ಬೇಡ. ಬಾಡಿಗೆಗೆ ಕೊಡುವವರು ಮಾತ್ರ ಅನುಭವ ಕೇಳಬಹುದು. ವೀಸಾಕ್ಕೆ ಬೇಗ ಅರ್ಜಿ ಹಾಕಿ, ಬೆರಳಚ್ಚಿಗೆ ಬೆಂಗಳೂರಿಗೇ ಹೋಗಬೇಕು.

ಸೇತುವೆ ತೆರೆಯುವ ಹೊತ್ತುಗಳೆಲ್ಲ 'ವಾಟರ್‌ಅಲ್ಮನಾಕ್' ಎಂಬ ಪುಸ್ತಕದಲ್ಲಿವೆ. ನಮ್ಮಲ್ಲಿ ಪಂಚಾಂಗ ನೋಡಿದ ಹಾಗೆ ನೋಡಿ: ಕಚೇರಿಗೆ ಜನ ಓಡಾಡುವ ಹೊತ್ತು ರಾಹುಕಾಲ, ಎಷ್ಟೋ ಸೇತುವೆ ತೆರೆಯುವುದಿಲ್ಲ. ಕೆಂಪು ದೀಪ ಇದ್ದರೆ ನಿಲ್ಲಿ. ಕೆಂಪಿನ ಜೊತೆ ಹಸಿರೂ ಬಂದರೆ ಇಂಜಿನ್ ಸಿದ್ಧವಿಡಿ. ಬರೀ ಹಸಿರಾದರೆ ಹೊರಡಿ. ಎರಡು ಕೆಂಪು ಮೇಲೆ ಕೆಳಗೆ ಉರಿಯುತ್ತಿದ್ದರೆ ದೋಣಿ ಕಟ್ಟಿ ಅಡುಗೆ ಶುರುಮಾಡಿ, ಸೇತುವೆಯ ಕೆಲಸ ಬಂದ್ ಅಂತ ಅರ್ಥ.

ಎಡವಿದ್ದು ಗೌಡಾ ಊರಲ್ಲಿ. (ಹೆಸರು ಕೇಳಿ ನಮ್ಮವರೇ ಅಂದುಕೊಂಡೆ; ಅಲ್ಲಿಯವರು 'ಖೌದಾ' ಅನ್ನುತ್ತಾರೆ.) ಲಾಕ್ (ದೋಣಿಯನ್ನು ಬೇರೆ ನೀರಿನ ಮಟ್ಟಕ್ಕೆ ಏರಿಸಿ ಇಳಿಸುವ, ಎರಡೂ ಕಡೆ ಗೇಟಿರುವ ತೊಟ್ಟಿ) ದಾಟಿದ ಮೇಲೆ ರೈಲು ಸೇತುವೆ. ರೈಲಿನ ನಡುವೆ ಬಿಡುವು ಸಿಕ್ಕಾಗಷ್ಟೇ ಅದು ಏಳುತ್ತದೆ. ಲಾಕ್‌ನಲ್ಲಿ ನಾನು ಮಂಡಕ್ಕಿ ಒಗ್ಗರಣೆ ಹಾಕಿ ಹಂಚುತ್ತಾ ಕೂತೆ, ಹೊರಟಿದ್ದು ತಡವಾಯಿತು, ಕಣ್ಣೆದುರೇ ಸೇತುವೆ ಇಳಿಯಿತು. ನಮ್ಮೂರಿನ ಅಶೋಕ ಟಾಕೀಸ್ ರೈಲ್ವೆ ಗೇಟಿನಲ್ಲಿ ಕಾದು ಬೆಳೆದ ನನಗೆ ಅದು ಹೊಸದಲ್ಲ, ಮಗಳಿಗೆ ಮಾತ್ರ ಸಿಟ್ಟು. ಮುಂದೆ ವಾಡಿನ್ಸ್‌ವೇನ್, ಬೋಸ್ಕೋಪ್‌ಗಳಲ್ಲಿ ಲೆಕ್ಕ ತಿರುಗಿತು. ನಮಗಾಗಿ ರಸ್ತೆಯೇ ಲಿಫ್ಟಿನ ಹಾಗೆ ಮೇಲೆದ್ದಿತು, ಕಾರಿನವರು ಸಾಲಾಗಿ ಕಾದರು. ಕೈ ಬೀಸಿದೆ. ಒಬ್ಬಿಬ್ಬರು ಬೀಸಿದರು.

ಆಮ್‌ಸ್ಟರ್‌ಡ್ಯಾಮ್ ದಾಟುವುದು ರಾತ್ರಿ. ಎತ್ತರದ ಕಂಬದ ದೋಣಿಗಳನ್ನು ಒಟ್ಟಿಗೆ ಸಾಲಾಗಿ ಬಿಡುತ್ತಾರೆ, ಒಂದೊಂದೇ ಸೇತುವೆ ತೆರೆಯುತ್ತದೆ. ಹಗಲು ಮಲಗಿರಿ. ಏಪ್ರಿಲ್ 27ರ ರಾಜನ ಹಬ್ಬದ ಆಸುಪಾಸು ಅಲ್ಲಿಗೆ ಹೋಗಬೇಡಿ, ನಾಲೆ ತುಂಬ ಕುಣಿಯುವ ಜನ. ಜೂನಿನಲ್ಲೂ ಸ್ವೆಟರ್ ಬೇಕಾಯಿತು. ಕೊನೆಯ ಸೇತುವೆ ದಾಟುವಾಗ ಡಬ್ಬಿಯಲ್ಲಿ ಎರಡು ಹಿಡಿ ಮಂಡಕ್ಕಿ ಉಳಿದಿತ್ತು, ಪಕ್ಕದ ದೋಣಿಯ ಜರ್ಮನ್ ಅಜ್ಜನಿಗೆ ಕೊಟ್ಟೆವು. ಖಾರ ಅಂದರು.