ಬಂದರಿನ ಕಪ್ಪುಬಿಳುಪು ಚಿತ್ರಕಥೆ: ಮಳೆಗಾಲದ ಕೆಲಸದ ದಾಖಲೆ

ಮಂಗಳೂರಿನ ಹಳೆ ಬಂದರಿನ ಸುತ್ತ ನಡೆಯುವ ಒಂದು ಪತ್ತೇದಾರಿ ಕಥೆಯನ್ನು, ನಡುವಿನ ಬೂದುಬಣ್ಣವೇ ಇಲ್ಲದೆ, ಬರಿಯ ಕಪ್ಪು ಶಾಯಿ ಮತ್ತು ಕಾಗದದ ಬಿಳುಪಿನಲ್ಲಿ ಬಿಡಿಸುವ ನನ್ನ ಹವ್ಯಾಸದ ಕೆಲಸ ಈ ಮಳೆಗಾಲದಲ್ಲಿ ಅರ್ಧ ದಾರಿಗೆ ಬಂದಿದೆ. ಕಥೆ ಚಿಕ್ಕದು. ದೋಣಿಗಳು ನಿಲ್ಲುವ ದಕ್ಕೆಯ ಹಿಂಬದಿಯ ಗೋದಾಮೊಂದರ ಕಾವಲುಗಾರ ಕಾಣೆಯಾಗುತ್ತಾನೆ. ಅವನನ್ನು ಹುಡುಕಿಕೊಂಡು ಬರುವ ನಿವೃತ್ತ ಪೇದೆಗೆ ನದಿಯಾಚೆಯ ಬೆಂಗ್ರೆಗೆ ಹೋಗುವ ಕಡೆಯ ದೋಣಿ ತಪ್ಪುತ್ತದೆ. ಉಳಿದದ್ದೆಲ್ಲ ಆ ಒಂದು ರಾತ್ರಿಯಲ್ಲೇ ಆಗಿಹೋಗುತ್ತದೆ. ಪೆನ್ಸಿಲ್ ಕರಡು ಬೇಸಿಗೆಯಲ್ಲೇ ಮುಗಿದಿತ್ತು. ಶಾಯಿಗೆ ಕೈಹಾಕುವ ಮೊದಲು, ಇದೇ ಜಾತಿಯ ಗ್ರಾಫಿಕ್ ಕಾದಂಬರಿಗಳು ಪರದೆಗೆ ಬಂದಾಗ ಏನನ್ನು ಕಳೆದುಕೊಂಡವು ಎಂಬುದನ್ನು ಒಮ್ಮೆ ಕೂತು ನೋಡಬೇಕೆನಿಸಿ, ಅಮೆರಿಕದ ಕಾಮಿಕ್ಸ್ ಚಿತ್ರಕಾರ ಫ್ರಾಂಕ್ ಮಿಲ್ಲರ್‌ನ ‘ಸಿನ್ ಸಿಟಿ’ ಪುಸ್ತಕಗಳನ್ನೂ ಅವುಗಳಿಂದ ಬಂದ ಎರಡನೆಯ ಚಿತ್ರವಾದ 2014ರ ‘ಸಿನ್ ಸಿಟಿ: ಎ ಡೇಮ್ ಟು ಕಿಲ್ ಫಾರ್’ ಅನ್ನೂ ಪಕ್ಕಪಕ್ಕ ಇಟ್ಟುಕೊಂಡೆ. ಈ ಟಿಪ್ಪಣಿಯ ಬಹುಪಾಲು ಆ ಚಿತ್ರ ತಂದ ನಿರಾಸೆಗೇ ಮೀಸಲಾಗಿದೆ, ಏಕೆಂದರೆ ನನ್ನ ಪುಟಗಳಲ್ಲಿ ಈಚೆಗೆ ಆದ ಬದಲಾವಣೆಗಳೆಲ್ಲ ಅದರಿಂದಲೇ ಹುಟ್ಟಿದವು.

ಪುಸ್ತಕದಲ್ಲಿ ಇದ್ದದ್ದು

ಈ ಕಥೆಗಳು ಮೊದಲು ಕಾಣಿಸಿಕೊಂಡದ್ದು 1991ರಲ್ಲಿ, ಡಾರ್ಕ್ ಹಾರ್ಸ್ ಪ್ರಕಾಶನದ ಕಾಮಿಕ್ಸ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ. ಆ ಮೊದಲ ಕಥೆಗೆ ‘ದ ಹಾರ್ಡ್ ಗುಡ್‌ಬೈ’ ಎಂಬ ಹೆಸರು ಬಂದದ್ದು ಆಮೇಲೆ. ಅದರಲ್ಲಿ ಮಾರ್ವ್ ಎಂಬ ದೈತ್ಯ ಮಳೆಯಲ್ಲಿ ನಡೆದು ಹೋಗುವ ಪುಟಗಳನ್ನು ಕನ್ನಡಕ ತೆಗೆದು, ಕಾಗದಕ್ಕೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರೆ ಅಲ್ಲಿ ಮನುಷ್ಯನ ಹೊರರೇಖೆಯೇ ಇಲ್ಲವೆಂಬುದು ತಿಳಿಯುತ್ತದೆ. ಇರುವುದು ಕಪ್ಪಿನ ರಾಶಿ ಮತ್ತು ಅದನ್ನು ಓರೆಯಾಗಿ ಸೀಳುವ ಬಿಳಿ ಗೀರುಗಳು ಮಾತ್ರ. ಭುಜ ಎಲ್ಲಿ ಮುಗಿಯಿತು, ಕೋಟು ಎಲ್ಲಿ ಶುರುವಾಯಿತು ಎಂಬುದನ್ನು ಆ ಗೀರುಗಳ ದಿಕ್ಕು ಬದಲಾಗುವ ಕಡೆ ನಮ್ಮ ಕಣ್ಣೇ ನಿರ್ಧರಿಸಿಕೊಳ್ಳುತ್ತದೆ. ಗೋಡೆಯನ್ನು ಬಿಡಿಸುವಾಗಲೂ ಮಿಲ್ಲರ್ ಬೆಳಕು ಬಿದ್ದ ಇಟ್ಟಿಗೆಗಳನ್ನಷ್ಟೇ ಬಿಡಿಸುತ್ತಾನೆ, ಉಳಿದ ಗೋಡೆಯನ್ನು ಓದುಗನ ಪಾಲಿಗೆ ಬಿಡುತ್ತಾನೆ. ಕಥೆಯ ಮಟ್ಟಿಗೆ ಹೇಳುವುದಾದರೆ ಇವು ಒರಟು ಕಥೆಗಳು, ಹೆಂಗಸರ ಪಾತ್ರಗಳ ವಿಷಯದಲ್ಲಂತೂ ಬಹಳ ಒರಟು, ಮತ್ತು ಆ ದೋಷವನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ನಾನು ಮತ್ತೆ ಮತ್ತೆ ಅವುಗಳ ಬಳಿ ಹೋಗುವುದು ಆ ಕಪ್ಪಿಗಾಗಿ.

ಮೊದಲ ಚಿತ್ರ ಗೆದ್ದ ಬಗೆ

2005ರ ಮೊದಲ ಚಿತ್ರದ ಬಗ್ಗೆ ನನಗೆ ದೂರಿಲ್ಲ. ಪುಸ್ತಕವನ್ನು ಸಿನಿಮಾಕ್ಕೆ ಕೊಡಲು ಹಿಂಜರಿಯುತ್ತಿದ್ದ ಮಿಲ್ಲರ್‌ನನ್ನು ಒಪ್ಪಿಸಲು ನಿರ್ದೇಶಕ ರಾಬರ್ಟ್ ರೊಡ್ರಿಗೆಜ್ ಒಂದು ಕಿರುದೃಶ್ಯವನ್ನು ಮೊದಲೇ ಚಿತ್ರೀಕರಿಸಿ ತೋರಿಸಿದ್ದ. ಅದೇ ಚಿತ್ರದ ಆರಂಭದ ದೃಶ್ಯವಾಯಿತು. ಮಿಲ್ಲರ್‌ನ ಹೆಸರನ್ನೂ ನಿರ್ದೇಶಕನೆಂದು ಹಾಕಲು ಅಮೆರಿಕದ ನಿರ್ದೇಶಕರ ಸಂಘದ ನಿಯಮ ಅಡ್ಡಬಂದಾಗ ರೊಡ್ರಿಗೆಜ್ ಸಂಘಕ್ಕೇ ರಾಜೀನಾಮೆ ಕೊಟ್ಟ. ನಟರು ಹಸಿರು ಪರದೆಯ ಮುಂದೆ ನಟಿಸಿದರು, ಊರೆಲ್ಲ ಕಂಪ್ಯೂಟರಿನಲ್ಲಿ ಎದ್ದಿತು. ನನ್ನಂಥವನಿಗೆ ಇಷ್ಟವಾಗುವ ವಿವರವೆಂದರೆ ಮಾರ್ವ್‌ನ ಮುಖದ ಪ್ಲಾಸ್ಟರ್‌ಗಳದ್ದು: ಅವಕ್ಕೆ ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಬಣ್ಣ ಬಳಸಿ, ಆ ಹೊಳಪನ್ನು ಆಮೇಲೆ ಅಚ್ಚ ಬಿಳುಪಾಗಿಸಿದರು. ಚರ್ಮಕ್ಕೆ ನೆರಳುಬೆಳಕಿನ ಏರಿಳಿತ ಇದ್ದರೂ ಪ್ಲಾಸ್ಟರಿಗೆ ಅದು ಇಲ್ಲ, ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಚಪ್ಪಟೆಯಾಗಿ ಅದು ನಿಲ್ಲುತ್ತದೆ. ನಡೆದಾಡುವ ಚಿತ್ರದಲ್ಲಿ ಶಾಯಿಯ ಪುಟವನ್ನು ನೆನಪಿಸಲು ಅಷ್ಟು ಸಾಕಾಗಿತ್ತು. ಸುಮಾರು 4 ಕೋಟಿ ಡಾಲರಿನಲ್ಲಿ ತಯಾರಾದ ಆ ಚಿತ್ರ ಜಗತ್ತಿನಾದ್ಯಂತ 15 ಕೋಟಿ ಡಾಲರಿಗೂ ಮೀರಿ ಗಳಿಸಿತು.

ಎರಡನೆಯದರ ಸೋಲು

ಒಂಬತ್ತು ವರ್ಷ ಕಳೆದು ಬಂದ ಎರಡನೆಯ ಚಿತ್ರಕ್ಕೆ ಅದೇ ಇಬ್ಬರು ನಿರ್ದೇಶಕರು, ಹೆಚ್ಚು ಹಣ, ಹೆಚ್ಚು ಶಕ್ತಿಯ ಯಂತ್ರಗಳು. ಆರೂವರೆ ಕೋಟಿ ಡಾಲರಿನ ಆಸುಪಾಸು ಖರ್ಚಾದ ಅದು 4 ಕೋಟಿಯನ್ನೂ ಮುಟ್ಟಲಿಲ್ಲ. ಗಲ್ಲಾಪೆಟ್ಟಿಗೆಯ ಸೋಲು ನನ್ನ ವಿಷಯವಲ್ಲ. ಎಷ್ಟೋ ಒಳ್ಳೆಯ ಚಿತ್ರಗಳು ಹಾಗೆ ಸೋತಿವೆ. ನನ್ನ ವಿಷಯ, ಪುಟದ ಕಪ್ಪು ಪರದೆಯ ಮೇಲೆ ಏನಾಯಿತು ಎಂಬುದು.

ಚಿತ್ರವನ್ನು ಮನೆಯ ಟಿವಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ, ನಿಂತ ಚೌಕಟ್ಟನ್ನು ಕಣ್ಣು ಕಿರಿದು ಮಾಡಿ ನೋಡಿ, ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಎರಡೇ ಛಾಯೆಗಳಲ್ಲಿ ಬರೆದುಕೊಂಡೆ. ಪುಸ್ತಕದ ಚೌಕಟ್ಟುಗಳು ಈ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತವು, ಮೊದಲ ಚಿತ್ರದವೂ ಬಹುಮಟ್ಟಿಗೆ ನಿಂತವು. ಎರಡನೆಯ ಚಿತ್ರದವು ಕುಸಿದವು. ಕಾರಣ ಅದರಲ್ಲಿರುವ ಬೂದು. ಹೊಗೆಗೆ ಬೂದು, ಮಂಜಿಗೆ ಬೂದು, ಗೋಡೆಯ ಮೂಲೆಮೂಲೆಗೂ ನಯವಾದ ಬೂದು. ಕತ್ತಲಿನಲ್ಲಿ ಏನಿರಬಹುದೆಂದು ಊಹಿಸಲು ನೋಡುಗನಿಗೆ ಒಂದು ಅಂಗುಲವನ್ನೂ ಬಿಟ್ಟಿಲ್ಲ. ಸಾಲದ್ದಕ್ಕೆ ಇದು ತ್ರೀಡಿಯಲ್ಲಿ ಬಿಡುಗಡೆಯಾದ ಚಿತ್ರ. ಚಪ್ಪಟೆತನವೇ ಬಂಡವಾಳವಾಗಿರುವ ಚಿತ್ರಕ್ಕೆ ಆಳವನ್ನು ತುಂಬುವುದು ಒಂದು ವಿಪರೀತವಾದರೆ, ತ್ರೀಡಿ ಕನ್ನಡಕ ಕಣ್ಣಿಗೆ ತಲುಪುವ ಬೆಳಕನ್ನು ಗಣನೀಯವಾಗಿ ಕುಗ್ಗಿಸುವುದರಿಂದ ಚಿತ್ರಮಂದಿರದಲ್ಲಿ ಬಿಳುಪೂ ಮಂಕಾಗುತ್ತದೆ ಎಂಬುದು ಇನ್ನೊಂದು. ಬಿಳುಪು ಮಂಕಾದ ಮೇಲೆ ಕಪ್ಪು ಎಷ್ಟು ಕಪ್ಪಾಗಿದ್ದರೂ ವ್ಯರ್ಥ.

ಬಣ್ಣದ ವಿಷಯವೂ ಹಾಗೆಯೇ. ಮೂಲ ಕಥೆ ಪೂರ್ತಿ ಕಪ್ಪುಬಿಳುಪಿನದು. ಚಿತ್ರದಲ್ಲಿ ಕಥೆಯ ಮೋಹಿನಿ ಏವಾ ಲಾರ್ಡ್‌ಳ ಕಣ್ಣಿಗೆ ಹಸಿರು, ತುಟಿಗೆ ಕೆಂಪು. ಮೊದಲ ಬಾರಿ ಆ ಹಸಿರು ಹೊಳೆದಾಗ ನಾನೂ ಬೆಚ್ಚಿದೆ. ಈವಾ ಗ್ರೀನ್ ಆ ಪಾತ್ರವನ್ನು ಹೊತ್ತಿರುವ ಠೀವಿಯೇ ಚಿತ್ರದ ಅತ್ಯುತ್ತಮ ಅಂಶ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವಳು ಅಪಾಯಕಾರಿ ಎಂದು ಕಣ್ಣು ಹಸಿರಾದಾಗಲೆಲ್ಲ ಚಿತ್ರವೇ ನಮ್ಮ ಕಿವಿಯಲ್ಲಿ ಪಿಸುಗುಟ್ಟಿದರೆ, ಅವಳನ್ನು ನಂಬಿ ಕೆಡುವ ನಾಯಕ ಡ್ವೈಟ್ ಬರಿಯ ಪೆದ್ದನಂತೆ ಕಾಣುತ್ತಾನೆ. ಪುಸ್ತಕ ಓದುವಾಗ ನಾವೂ ಅವನ ಜೊತೆಗೆ ಒಂದಿಷ್ಟು ಹೊತ್ತು ಅವಳನ್ನು ನಂಬಿರುತ್ತೇವೆ.

ಇನ್ನೊಂದು ತೊಡಕು ಕಥೆಗಳ ಜೋಡಣೆಯದು. ಏವಾಳ ಕಥೆ ಚಿತ್ರ ಮುಗಿಯುವುದಕ್ಕೆ ಬಹಳ ಮುಂಚೆಯೇ ಮುಗಿದುಹೋಗುತ್ತದೆ. ಅದರ ಆಚೀಚೆ ಇರುವ ಎರಡು ಕಥೆಗಳನ್ನು, ಎಂದರೆ ಜೂಜುಕೋರ ಜಾನಿ ಸೆನೆಟರ್ ರೋರ್ಕ್‌ನನ್ನು ಇಸ್ಪೀಟಿನಲ್ಲಿ ಸೋಲಿಸಲು ಹೋಗುವುದನ್ನೂ ನರ್ತಕಿ ನ್ಯಾನ್ಸಿ ಸೇಡಿಗೆ ಹೊರಡುವುದನ್ನೂ, ಮಿಲ್ಲರ್ ಚಿತ್ರಕ್ಕೆಂದೇ ಹೊಸದಾಗಿ ಬರೆದ. ಅವು ಎಂದೂ ಪುಟವಾಗಿರಲಿಲ್ಲ, ಯಾವ ಚೌಕಟ್ಟಿನಲ್ಲೂ ಯಾರೂ ಮೊದಲು ಅವುಗಳ ಕಪ್ಪನ್ನು ತೂಗಿ ನೋಡಿರಲಿಲ್ಲ, ಮತ್ತು ಅದು ತೆರೆಯ ಮೇಲೆ ಎದ್ದು ಕಾಣುತ್ತದೆ. ಇದರ ಸೂಚನೆ ಹಿಂದೆಯೇ ಸಿಕ್ಕಿತ್ತು ಎನ್ನಬಹುದು. ವಿಲ್ ಐಸ್ನರ್ 1940ರಲ್ಲಿ ಆರಂಭಿಸಿದ ‘ದ ಸ್ಪಿರಿಟ್’ ಕಾಮಿಕ್ಸನ್ನು ಮಿಲ್ಲರ್ ಒಬ್ಬನೇ 2008ರಲ್ಲಿ ಸಿನಿಮಾ ಮಾಡಿದಾಗಲೂ ಇದೇ ಸಲಕರಣೆಗಳಿದ್ದವು, ಅದೂ ನೆಲಕಚ್ಚಿತು.

ನನ್ನ ಪುಟಕ್ಕೆ ಮರಳಿ

ಮೇಲಿನ ಪರೀಕ್ಷೆಯನ್ನು ನನ್ನ ಕರಡಿಗೂ ಅನ್ವಯಿಸಿದ ಮೇಲೆ ಮೂರನೆಯ ಪುಟವನ್ನು ಹೊಸದಾಗಿ ಕಟ್ಟಿದೆ. ಅದು ಬಂದರಿನ ಗೋದಾಮುಗಳ ಓಣಿ. ದಕ್ಕೆಯ ಕಡೆ ಈಗಿರುವ ಬಿಳಿ ಎಲ್‌ಇಡಿ ದೀಪಗಳು ಒಂದರ ನೆರಳನ್ನು ಇನ್ನೊಂದು ಅಳಿಸಿಹಾಕುತ್ತವೆ; ರಾತ್ರಿ ಅಲ್ಲಿ ನಿಂತು ತೆಗೆದ ಫೋಟೋಗಳಲ್ಲಿ ಎಲ್ಲವೂ ಸಮಾನವಾಗಿ ಕಾಣಿಸುತ್ತದೆ, ಆದ್ದರಿಂದ ಏನೂ ಕಾಣಿಸುವುದಿಲ್ಲ. ಹಾಗಾಗಿ ನನ್ನ ಓಣಿಯಲ್ಲಿ ಒಂದೇ ದೀಪ, ಅದೂ ಚೌಕಟ್ಟಿನ ಹೊರಗೆ. ಅದರ ಬೆಳಕು ಬೀಳುವುದು ಹೆಂಚಿನ ಮಾಡಿನ ಮೇಲೆ ಮಾತ್ರ. 1865ರಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ತೆರೆದಂದಿನಿಂದ ಊರಿನ ಹೆಸರಿನಲ್ಲೇ ಹೊರಟ ಈ ಹೆಂಚು ಕಪ್ಪುಬಿಳುಪಿನ ಚಿತ್ರಕಾರನಿಗೆ ಹೇಳಿ ಮಾಡಿಸಿದಂತಿದೆ: ಒದ್ದೆಯಾದಾಗ ಅದರ ಉದ್ದನೆಯ ಏಣುಗಳು ಹೊಳೆಯುತ್ತವೆ, ಪ್ರತಿ ಸಾಲಿನ ಕೆಳಅಂಚು ಕೆಳಗಿನ ಸಾಲಿನ ಮೇಲೆ ತೆಳುವಾದ ನೆರಳು ಹಾಕುತ್ತದೆ, ನಡುವಿನ ಛಾಯೆ ಬೇಕಾಗುವುದೇ ಇಲ್ಲ. ಮಾಡಿನ ಕೆಳಗಿನದೆಲ್ಲ, ಪೇದೆಯ ದೇಹವೂ ಸೇರಿ, ಅಚ್ಚ ಕಪ್ಪು. ಅವನಿರುವುದು ಛತ್ರಿಯ ಒಂದು ಬಿಳಿ ಕಮಾನಿನಿಂದ ಮತ್ತು ಹಿಡಿಕೆಯ ಮೇಲಿನ ಬೆರಳುಗಳಿಂದ ತಿಳಿಯಬೇಕು.

ಮಳೆಯ ಗೀರುಗಳಿಗೆ ಬಿಳಿ ಶಾಯಿ ಬಳಸಿ ನೋಡಿದೆ. ಒಣಗಿದ ಮೇಲೆ ಅದು ಕಪ್ಪಿನ ಮೇಲೆ ಉಬ್ಬಿ ಕೂತು, ತುಸು ನೀಲಿ ಬೆರೆತಂತೆ ಕಾಣುತ್ತದೆ. ಈಗ ಹೊಸ ಬ್ಲೇಡಿನ ಮೂಲೆಯಿಂದ ಕಪ್ಪನ್ನೇ ಕೆರೆದು ಕಾಗದದ ಬಿಳುಪನ್ನು ಹೊರಗೆ ತರುತ್ತಿದ್ದೇನೆ. ಈ ಯೋಚನೆ ಬಂದದ್ದು ಕೊಂಕಣ ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳಿಂದ, ಅಲ್ಲಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಹಸಿಯಿರುವಾಗಲೇ ಕೆರೆದು ಅಡಿಯ ಬಿಳುಪನ್ನು ತೆರೆಯುತ್ತಾರೆ. ಗೋಡೆಯಲ್ಲಿ ಹಸಿ ಇರಬೇಕು, ಕಾಗದದಲ್ಲಿ ಪೂರ್ತಿ ಒಣಗಿರಬೇಕು. ಮಳೆ ಬಿಡದ ಆಟಿಯ ತಿಂಗಳಿನಲ್ಲಿ ಇಲ್ಲಿ ಒಣಗುವುದೆಂದರೇನು! 300 ಜಿಎಸ್‌ಎಂ ತೂಕದ ದಪ್ಪ ಕಾಗದವೂ ತೇವ ಹೀರಿ ಮೆತ್ತಗಾಗಿರುತ್ತದೆ, ಬ್ಲೇಡು ತಾಗಿದರೆ ಶಾಯಿಯ ಜೊತೆ ನಾರೂ ಎದ್ದು ಬರುತ್ತದೆ, ಅಲ್ಲಿ ಮತ್ತೆ ಕಪ್ಪು ಹಚ್ಚಿದರೆ ಅಂಚು ಜೇಡರಬಲೆಯಾಗಿ ಹರಡುತ್ತದೆ. ಹಾಗಾಗಿ ಶಾಯಿ ಹಾಕಿದ ಹಾಳೆಯನ್ನು ಅಕ್ಕಿ ಡಬ್ಬಿಯ ಮೇಲೆ ನೇತುಹಾಕಿದ ಬಲ್ಬಿನ ಕೆಳಗೆ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಗಾಳಿ ತೇವಗೊಳ್ಳುವ ಮೊದಲೇ ಕೆರೆಯುತ್ತೇನೆ. ಮನೆಯವರಿಗೆ ಇದು ಒಳ್ಳೆಯ ತಮಾಷೆ.

ಮಾತು ಎಷ್ಟು ಬೇಕು

ನನಗೆ ಹೆಚ್ಚು ಕೆಲಸ ಕೊಟ್ಟದ್ದು ಸ್ವಗತದ ಪ್ರಶ್ನೆ. ಮಿಲ್ಲರ್‌ನ ಪುಟದಲ್ಲಿ ನಾಯಕನ ಸ್ವಗತ ಚಿತ್ರದ ಪಕ್ಕದಲ್ಲಿ ಕಂಬದಂತೆ ನಿಲ್ಲುತ್ತದೆ. ಮೊದಲು ಚಿತ್ರ ನೋಡಿ ಆಮೇಲೆ ಓದಬಹುದು, ಓದದೆ ಮುಂದಕ್ಕೂ ಹೋಗಬಹುದು, ಎಷ್ಟು ಹೊತ್ತು ನಿಲ್ಲಬೇಕೆಂಬುದು ನಮ್ಮ ಕೈಯಲ್ಲಿದೆ. ಸಿನಿಮಾದಲ್ಲಿ ಅದೇ ಸಾಲುಗಳು ಹಿನ್ನೆಲೆ ಧ್ವನಿಯಾಗಿ, ದೃಶ್ಯ ನಡೆಯುತ್ತಿರುವಾಗಲೇ ಕಿವಿಗೆ ಬೀಳುತ್ತವೆ. ಡ್ವೈಟ್ ಗೋಡೆ ಹತ್ತುತ್ತಾನೆ, ತಾನು ಗೋಡೆ ಹತ್ತುವ ಪಾಡನ್ನು ಅವನ ದನಿಯೇ ವರ್ಣಿಸುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಬಿಳಿ ಪಂಚೆಯಲ್ಲಿ ಕೂತು ಮಾತಿನಿಂದಲೇ ಕುರುಕ್ಷೇತ್ರವನ್ನು ಕಟ್ಟುತ್ತಾನೆ. ಅವನ ಬೆನ್ನ ಹಿಂದೆ ಬಣ್ಣದ ವೇಷದವರನ್ನು ನಿಲ್ಲಿಸಿ ಅವನು ಹೇಳಿದ್ದನ್ನೆಲ್ಲ ಆಗಲೇ ಕುಣಿದು ತೋರಿಸಿದರೆ ಮಾತೂ ಕುಣಿತವೂ ಎರಡೂ ಕೆಡುತ್ತವೆ. ಈ ಚಿತ್ರದ ಉದ್ದಕ್ಕೂ ಆದದ್ದು ಅದೇ. ಮೊದಲ ಚಿತ್ರದಲ್ಲೂ ಸ್ವಗತ ಕಡಿಮೆಯೇನಿರಲಿಲ್ಲ, ಆದರೆ ಮಿಕ್ಕಿ ರೂರ್ಕ್‌ನ ಗಂಟಲಿನಲ್ಲಿ ಮಾರ್ವ್‌ನ ಗೊಂದಲ ಕೇಳಿಸುತ್ತಿತ್ತು. ಅವನು ಹೇಳುವುದಕ್ಕೂ ನಾವು ನೋಡುವುದಕ್ಕೂ ನಡುವೆ ಅನುಮಾನಕ್ಕೆ ಜಾಗವಿತ್ತು.

ನನ್ನ ಕರಡಿನಲ್ಲಿ ಪೇದೆ ವಿಪರೀತ ಮಾತಾಡುತ್ತಿದ್ದ. ಚಿತ್ರ ಹೇಳುವುದನ್ನೇ ಹೇಳುವ ಸಾಲುಗಳನ್ನು ಈಗ ಹೊಡೆದುಹಾಕಿದ್ದೇನೆ, ಚಿತ್ರ ಹೇಳಲಾರದ್ದು, ಎಂದರೆ ವಾಸನೆ, ಹಳೆಯ ಲೆಕ್ಕ, ಸುಳ್ಳು, ಇಷ್ಟನ್ನೇ ಉಳಿಸಿದ್ದೇನೆ. ಉಳಿದ ಸಾಲುಗಳನ್ನು ಕಪ್ಪಿನ ಮೇಲೆ ಬಿಳಿಯಾಗಿ ಬರೆಯುವುದು ಬೇರೆಯೇ ಒಂದು ಕಸರತ್ತು. ಇಂಗ್ಲಿಷಿನ ನೆಟ್ಟಗಿನ ದೊಡ್ಡಕ್ಷರಗಳು ಕಿರಿದಾದ ಕಂಬದಲ್ಲಿ ಇಟ್ಟಿಗೆಗಳಂತೆ ಕೂರುತ್ತವೆ. ನಮ್ಮ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ‘ಕಾಣೆಯಾಗಿದ್ದಾನೆಂದುಕೊಂಡೆ’ ಎಂಬಂಥ ಒಂದೇ ಪದ ಕಂಬದ ಅಗಲವನ್ನೆಲ್ಲ ತಿಂದುಬಿಡುತ್ತದೆ. ಅದಕ್ಕಾಗಿ ಕಂಬವನ್ನೇ ಕೈಬಿಟ್ಟು, ಸ್ವಗತವನ್ನು ಪುಟದ ಅಡಿಯಲ್ಲಿ ಅಗಲವಾದ ಒಂದೇ ಪಟ್ಟಿಗೆ ಇಳಿಸಿದ್ದೇನೆ. ಓದುಗ ಇಡೀ ಪುಟವನ್ನು ನೋಡಿದ ಮೇಲೆಯೇ ಅಲ್ಲಿಗೆ ಬರುತ್ತಾನೆ.

ಮುಖ

ಡ್ವೈಟ್‌ನ ಮುಖದ ಬಗ್ಗೆ ಒಂದು ಮಾತು. ಕಾಲಕ್ರಮದಲ್ಲಿ ಏವಾಳ ಈ ಕಥೆ ಮೊದಲ ಚಿತ್ರದ ಡ್ವೈಟ್‌ನ ಕಥೆಗಿಂತ ಹಿಂದಿನದು. ಇದರಲ್ಲಿ ಅವನು ಶಸ್ತ್ರಚಿಕಿತ್ಸೆಯಿಂದ ಮುಖ ಬದಲಿಸಿಕೊಳ್ಳುತ್ತಾನೆ. ಮೊದಲ ಚಿತ್ರದಲ್ಲಿ ಆ ಹೊಸ ಮುಖ ಕ್ಲೈವ್ ಓವೆನ್‌ನದಾಗಿತ್ತು. ಇಲ್ಲಿ ಹಳೆಯ ಮುಖಕ್ಕೆ ಜಾಶ್ ಬ್ರೋಲಿನ್ ಸರಿಯೇ, ಆದರೆ ಮುಖ ಬದಲಾದ ಮೇಲೂ ಬ್ರೋಲಿನ್‌ನೇ ಕೃತಕ ಮೇಕಪ್ಪು, ಬೇರೆ ಕೂದಲು ಧರಿಸಿ ಬರುತ್ತಾನೆ. ಕಾಗದದ ಮೇಲೆ ಒಂದೇ ಕೈ ಎರಡೂ ಮುಖಗಳನ್ನು ಬಿಡಿಸುವುದರಿಂದ ಈ ಸಮಸ್ಯೆ ಹುಟ್ಟುವುದೇ ಇಲ್ಲ. ನನ್ನ ಪೇದೆಗೂ ಹೀಗೊಂದು ಗುರುತು ಬೇಕೆಂದು, ಕತ್ತಲಲ್ಲೂ ತಿಳಿಯುವಂತೆ ಮೂಗಿನ ಮುರಿದ ಏಣೊಂದನ್ನು ನಿಶ್ಚಯಿಸಿ, ಬೇರೆ ಬೇರೆ ಕೋನಗಳಿಂದ ಬರೆದ ಹಾಳೆಯನ್ನು ಮೇಜಿನ ಎದುರು ಅಂಟಿಸಿದ್ದೇನೆ.

ಸದ್ಯ ಗೋದಾಮಿನ ಒಳಗಿನ ಎರಡು ಪುಟಗಳಿಗೆ ಶಾಯಿ ಹಾಕಿಯಾಗಿದೆ, ಕೆರೆಯುವುದು ಬಾಕಿ. ದೋಣಿ ತಪ್ಪುವ ಪುಟದಲ್ಲಿ ಫಲ್ಗುಣಿ ನದಿಯ ನೀರನ್ನು ಬಿಡಿಸಬೇಕೆ, ಅಥವಾ ಆಚೆ ದಡದ ದೀಪಗಳನ್ನು ಮಾತ್ರ ಇಟ್ಟು ನಡುವಿನದನ್ನೆಲ್ಲ ಕಪ್ಪಿಗೇ ಬಿಡಬೇಕೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಎರಡನ್ನೂ ಚಿಕ್ಕದಾಗಿ ಬರೆದು ನೋಡಿ, ನಿಂತದ್ದನ್ನು ಮುಂದಿನ ಟಿಪ್ಪಣಿಯಲ್ಲಿ ಹಾಕುತ್ತೇನೆ.