ಮಾಡೆಲ್ ಕಟ್ಟೋಕೆ ಯಾವ ಬ್ಲೇಡ್?

ದಪ್ಪ ಕಾರ್ಡ್ ಹಾಳೆಯಲ್ಲಿ ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಕಟ್ಟುತ್ತಿದ್ದೇನೆ. ಗೋಡೆಗಳಿಗೆ 9 ಎಂಎಂ ಸ್ನ್ಯಾಪ್ ಬ್ಲೇಡ್ (ಮೊಂಡಾದ ತುದಿ ಮುರಿದು ಹಾಕುವಂಥದ್ದು) ಸಾಕು. ಜಾಲಂದ್ರದ (ಕಲ್ಲಿನ ಜಾಲರಿ ಕಿಟಕಿ) ಸಣ್ಣ ಕಿಂಡಿಗಳಿಗೆ ಅದು ಆಗುವುದಿಲ್ಲ. ತುದಿ ಅಲುಗಾಡುತ್ತದೆ, ಮೂಲೆ ಹರಿಯುತ್ತದೆ.

ಅದಕ್ಕೆ ಸರ್ಜಿಕಲ್ ಬ್ಲೇಡೇ ಸರಿ. ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆ ಹತ್ತಿರದ ಅಂಗಡಿಗಳಲ್ಲಿ ಕೇಳಿ: 3ನೇ ನಂಬರ್ ಹಿಡಿಕೆ, 11ನೇ ನಂಬರ್ ಬ್ಲೇಡ್. ಅಲಗು ನೇರ, ತುದಿ ಚೂಪು. ಬಾಗಿದ ಗೆರೆಗೆ 15 ಒಳ್ಳೆಯದು. 22 ಕೊಟ್ಟರೆ ಬೇಡ ಅನ್ನಿ, ಅದು 4ನೇ ಹಿಡಿಕೆಯದು, 3ಕ್ಕೆ ಕೂರುವುದಿಲ್ಲ. (ಮಾಡೆಲ್‌ಗೆ ಅಂದರೆ ಒಮ್ಮೆ ಮುಖ ನೋಡುತ್ತಾರೆ, ಇರಲಿ.) ಕಾರ್ಬನ್ ಸ್ಟೀಲ್ ಜಾಸ್ತಿ ಹರಿತ, ಆದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆ ಸವರಿಡಿ.

ಕೊಯ್ದ ಅಂಚಿನಲ್ಲಿ ಬಿಳಿ ಜುಂಗು ಎದ್ದರೆ ಬ್ಲೇಡ್ ಬದಲಿಸಿ, ಜುಗ್ಗತನ ಬೇಡ. ಹಳೆಯದನ್ನು ಇಕ್ಕಳದಿಂದ ತೆಗೆದು ಡಬ್ಬಿಗೆ ಹಾಕಿ. ಕಸದ ಗಾಡಿಯವರ ಕೈಗೆ ತಾಗಬಾರದು, ಅಲ್ವಾ?